ದೋಣಿ ಇಳಿಸುವ ಮುನ್ನ ಕೇಳಬೇಕಾದವರು

ಸಮುದಾಯ ಪ್ರವಾಸೋದ್ಯಮದ ಯೋಜನೆಗಳನ್ನು ರೂಪಿಸುವುದು ನನ್ನ ವೃತ್ತಿ. ಕಲಬುರಗಿಯಲ್ಲಿರುವ ನನ್ನ ಮೇಜಿಗೆ ಈಚೆಗೆ ಬೋಟಿಂಗ್ ಪ್ರಸ್ತಾವಗಳೇ ಹೆಚ್ಚಾಗಿ ಬರುತ್ತಿವೆ. ಗಾಣಗಾಪುರದ ಭೀಮಾ–ಅಮರ್ಜಾ ಸಂಗಮ, ನಾರಾಯಣಪುರದ ಬಸವಸಾಗರದ ಹಿನ್ನೀರು, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ, ಹೀಗೆ ಸ್ಥಳ ಬೇರೆಯಾದರೂ ಕಡತಕ್ಕೆ ಅಂಟಿಸಿದ ಚಿತ್ರ ಮಾತ್ರ ಒಂದೇ, ಕೇರಳದ ಹೌಸ್‌ಬೋಟಿನದು.

ಆ ಚಿತ್ರದ ಹಿಂದಿನ ಕಥೆಯನ್ನು ತಿಳಿದುಕೊಂಡವರು ಕಡಿಮೆ. ಕೆಟ್ಟುವಳ್ಳಂ ಎಂಬುದು ಮೊಳೆ ಬಳಸದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ, ಭತ್ತ ಸಾಗಿಸುವ ದೋಣಿ. ರಸ್ತೆಗಳು ಬಂದು ಅದರ ಕೆಲಸ ಹೋದ ಮೇಲೆ, 1990ರ ದಶಕದಲ್ಲಿ ಅದರ ಮೇಲೆ ಕೋಣೆ ಕಟ್ಟಿ ಪ್ರವಾಸಿಗರನ್ನು ಕೂರಿಸಲಾಯಿತು. ಈ ದೋಣಿಗಳು ಓಡಾಡುವ ಕುಟ್ಟನಾಡು ಎಂಬ ತಗ್ಗು ಪ್ರದೇಶದ ಜನರಿಗೆ ಕಾಲುವೆಯೇ ಬೀದಿ, ಅದೇ ಸ್ನಾನದ ಕಟ್ಟೆ, ಪಾತ್ರೆ ತೊಳೆಯುವ ಜಾಗವೂ ಅದೇ. ದೋಣಿಗಳ ಶೌಚದ ನೀರು ಮತ್ತು ಡೀಸೆಲ್ ಪಸೆ ಸೇರುವುದೂ ಅದಕ್ಕೇ. 2002ರಲ್ಲಿ ರಾಮ್ಸಾರ್ ತಾಣವಾದ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಗುರುತಿಸಲಾದ ವೇಂಬನಾಡ್ ಸರೋವರದಲ್ಲಿ, ಉಪ್ಪುನೀರು ತಡೆಯಲು ತಣ್ಣೀರ್ಮುಕ್ಕಂ ಒಡ್ಡಿನ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಈ ಕೊಳೆ ಕೊಚ್ಚಿಹೋಗಲು ಸಾಕಷ್ಟು ಹರಿವೂ ಇರುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಬ್ಯಾರೇಜುಗಳ ಹಿಂದೆ ನಿಲ್ಲುವ ನೀರಿನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ಕೇರಳದಿಂದ ತರಬೇಕಾದದ್ದು ದೋಣಿಯ ನಮೂನೆಯನ್ನಲ್ಲ, ವೇಂಬನಾಡ್ ದಡದ ಕುಮರಕಂನಲ್ಲಿ 2008ರಿಂದ ನಡೆದ ವ್ಯವಹಾರದ ಕ್ರಮವನ್ನು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕೇರಳ ಸರ್ಕಾರದ ಕುಡುಂಬಶ್ರೀ ಯೋಜನೆಯ ಮಹಿಳಾ ಗುಂಪುಗಳು ಬೆಳೆದ ತರಕಾರಿಯನ್ನು ಮೊದಲೇ ನಿಗದಿಯಾದ ದರದಲ್ಲಿ ಹೋಟೆಲುಗಳು ಕೊಳ್ಳುವಂತೆ ಒಪ್ಪಂದವಾಯಿತು. ಕೇಳಲು ಸಪ್ಪೆಯಾದ ಈ ದರಪಟ್ಟಿ ಯಾವ ಕಡತದಲ್ಲೂ ನನಗೆ ಕಂಡಿಲ್ಲ.

ನಮ್ಮ ಹೊಳೆಗಳಿಗೆ ಅವುಗಳದೇ ಆದ ಸ್ವಭಾವವಿದೆ. ಭೀಮಾ ಹರಿವು ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಡುವ ನೀರನ್ನು ಬಹುಮಟ್ಟಿಗೆ ಅವಲಂಬಿಸಿದೆ. ಮಳೆಗಾಲದಲ್ಲಿ ಹೊಲಗಳಿಗೆ ನುಗ್ಗುವ ಅದೇ ಹೊಳೆ ಬೇಸಿಗೆಯಲ್ಲಿ ಅಲ್ಲಲ್ಲಿ ಮಡುಗಳಾಗಿ ಉಳಿಯುತ್ತದೆ. ಕೃಷ್ಣೆಯಲ್ಲಿ ನಾರಾಯಣಪುರದ ಗೇಟುಗಳು ತೆರೆದರೆ ನೀಲಕಂಠರಾಯನಗಡ್ಡಿ ಎಂಬ ಊರು ನಡುಗಡ್ಡೆಯಾಗುತ್ತಿತ್ತು. 2013ರಲ್ಲಿ ಆ ಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗಾಗಿ ದಡ ಸೇರಲು ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆಯನ್ನು ಈಜಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಂಥ ಹೊಳೆಯಲ್ಲಿ ಸಂತೋಷವಿಹಾರದ ದೋಣಿ ಬಿಡುವವರು, ಆ ದೋಣಿ ತುರ್ತಿನಲ್ಲಿ ಊರವರಿಗೂ ಒದಗುವುದೇ ಎಂದು ಮೊದಲು ಹೇಳಬೇಕು.

ಆದ್ದರಿಂದ ಸಮೀಕ್ಷೆಯನ್ನು ನಾನು ನಸುಕಿನಲ್ಲಿ ಮಾಡಿಸುತ್ತೇನೆ. ಹನ್ನೊಂದು ಗಂಟೆಗೆ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಸಭೆ ಕರೆದರೆ ಬರುವವರು ಹೊಳೆಗೆ ಇಳಿಯದವರು. ರಾತ್ರಿ ಬಿಟ್ಟ ಬಲೆಯನ್ನು ಎಳೆದು, ಮೀನು ಮಾರಲು ಹೋದ ಅಂಬಿಗರು ಮತ್ತು ಕಬ್ಬಲಿಗರು ಆ ಹೊತ್ತಿಗೆ ಊರಲ್ಲಿರುವುದಿಲ್ಲ. (ಇದನ್ನು ಕಲಿಯಲು ನನಗೆ ಎರಡು ವ್ಯರ್ಥ ಸಭೆಗಳು ಬೇಕಾದವು.) ಬಲೆ ಬಿಡುವ ಜಾಗ, ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಮತ್ತು ಮೀಯುವ ಘಾಟು, ದನ ನೀರು ಕುಡಿಯುವ ಇಳಿಜಾರು, ಪಂಪ್‌ಸೆಟ್ಟಿನ ಪೈಪುಗಳು, ಕೃಷ್ಣೆಯ ಮೊಸಳೆಗಳು ಬಿಸಿಲು ಕಾಯುವ ದಂಡೆ, ಬೇಸಿಗೆಯಲ್ಲಿ ರೀವ (ಟರ್ನ್) ಹಕ್ಕಿಗಳು ಮೊಟ್ಟೆಯಿಡುವ ಮರಳದಿಬ್ಬ, ಇವೆಲ್ಲವನ್ನೂ ಅವರೊಂದಿಗೆ ಹರಿಗೋಲಿನಲ್ಲಿ ಕುಳಿತೇ ಗುರುತು ಹಾಕಿಕೊಳ್ಳಬೇಕು. ಮೋಟಾರು ದೋಣಿಯ ಪಂಖಕ್ಕೆ ಸಿಕ್ಕಿದ ಬಲೆ ಒಂದು ಮನೆಯ ಹಲವು ದಿನಗಳ ದುಡಿಮೆಯನ್ನೇ ನುಂಗುತ್ತದೆ; ಅದರ ವೇಗದ ಅಲೆಗೆ, ಅಡಿಯಲ್ಲಿ ಏಣು (ಕೀಲ್) ಇಲ್ಲದ ದುಂಡು ಹರಿಗೋಲು ಗಿರಕಿ ಹೊಡೆಯುತ್ತದೆ. ಘಾಟಿನ ಮುಂದೆ ದೋಣಿ ನಿಧಾನಿಸಿದರೆ ಸಾಲದು, ಬೆಳಿಗ್ಗೆ ಮತ್ತು ಸಂಜೆ ಆ ಕಡೆ ಹೋಗಲೇಬಾರದು, ಕ್ಯಾಮೆರಾ ಹಿಡಿದಂತೂ ಹೋಗಬಾರದು.

ಸುರಕ್ಷತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2009ರಲ್ಲಿ ಕೇರಳದ ತೇಕ್ಕಡಿಯಲ್ಲಿ ದೋಣಿ ಮಗುಚಿ 45 ಮಂದಿ ಸತ್ತ ಮೇಲೂ ಲೈಫ್ ಜಾಕೆಟ್ ಹಾಕಿಕೊಳ್ಳದಿರಲು ಸೆಕೆಯ ನೆಪ ಹೇಳುವವರಿಗೆ ಟಿಕೆಟ್ ಕೊಡಬಾರದು.

ಭೀಮಾ ಮತ್ತು ಕೃಷ್ಣಾ ಎರಡೂ 2016ರ ಕಾಯ್ದೆಯ ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿವೆ. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ, ಮೋಟಾರು ದೋಣಿಗೆ ತಪಾಸಣೆ, ನೋಂದಣಿ ಮತ್ತು ವಿಮೆಯನ್ನು ಕಡ್ಡಾಯ ಮಾಡಿದ್ದಲ್ಲದೆ, ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಮಟ್ಟದಲ್ಲೇ ದಾಖಲಿಸಲು ಅವಕಾಶ ಕೊಟ್ಟಿದೆ. ಹರಿಗೋಲು ದಾಖಲೆಗೆ ಬಂದರೆ ಅಂಬಿಗನು ಟೆಂಡರಿನ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುವುದಿಲ್ಲ. ಈಗ ನಡೆಯುವುದೇನೆಂದರೆ, ಅವನಿಂದ ಕಟ್ಟಲಾಗದಷ್ಟು ಠೇವಣಿಯನ್ನು ಹೊರಗಿನ ಗುತ್ತಿಗೆದಾರ ಕಟ್ಟಿ, ಅವನನ್ನೇ ದಿನಗೂಲಿಗೆ ಇಟ್ಟುಕೊಳ್ಳುತ್ತಾನೆ. ಮೀನುಗಾರರ ಸಹಕಾರ ಸಂಘವನ್ನೇ ಪಾಲುದಾರನನ್ನಾಗಿಸಿ ಠೇವಣಿಯನ್ನು ಕಂತುಗಳಲ್ಲಿ ಪಡೆಯುವುದು ಕಷ್ಟದ ಕೆಲಸವೇನಲ್ಲ. ಗೇಟು ತೆರೆದ ದಿನಗಳಲ್ಲಿ ದೋಣಿ ನಿಲ್ಲಲೇಬೇಕು; ಆ ದಿನಗಳ ಕೂಲಿಯನ್ನು ಯಾರು ಕೊಡುತ್ತಾರೆಂದು ಬರೆಯದ ಕರಾರನ್ನು ನಾನು ವಾಪಸು ಕಳಿಸುತ್ತೇನೆ, ಏಕೆಂದರೆ ಕೂಲಿ ಸಿಗದ ನಾವಿಕ ಏರುವ ನೀರಿನಲ್ಲೂ ದೋಣಿ ಬಿಡುತ್ತಾನೆ.