ಮಾದರಿಯ ಕಾಲಿಗೆ ಕಟ್ಟಿದ ಚೀಟಿ

ಸಂಗ್ರಹಾಲಯದ ಡ್ರಾಯರ್ ಎಳೆದು, ಹತ್ತಿ ತುಂಬಿ ಕಾಪಿಟ್ಟ ಹಕ್ಕಿಯೊಂದನ್ನು ಕೈಗೆತ್ತಿಕೊಂಡಾಗ ನನ್ನ ಕಣ್ಣು ಮೊದಲು ಹೋಗುವುದು ಅದರ ಕಾಲಿಗೆ ದಾರದಿಂದ ಕಟ್ಟಿದ ಚೀಟಿಯ ಕಡೆಗೆ. ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಸಂಗ್ರಹಿಸಿದವರು ಯಾರು ಎಂಬ ಮೂರು ವಿವರಗಳಿದ್ದರೆ ಆ ಹಕ್ಕಿ ವಿಜ್ಞಾನದ ದಾಖಲೆಯಾಗುತ್ತದೆ. ಇಲ್ಲದಿದ್ದರೆ ಅದರ ಬೆಲೆಯ ಬಹುಪಾಲು ಹೋದಂತೆಯೇ. ಜೀವವೈವಿಧ್ಯದ ಬಗ್ಗೆ ಈಚಿನ ವರ್ಷಗಳಲ್ಲಿ ಆಗಿರುವ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಓದುವಾಗಲೂ ನನಗೆ ಆ ಚೀಟಿಯೇ ನೆನಪಾಗುತ್ತದೆ.

2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕುನ್ಮಿಂಗ್–ಮಾಂಟ್ರಿಯಲ್ ಜಾಗತಿಕ ಜೀವವೈವಿಧ್ಯ ಚೌಕಟ್ಟು 2030ಕ್ಕೆ 23 ಗುರಿಗಳನ್ನು ಹಾಕಿಕೊಂಡಿದೆ. ನೆಲ ಮತ್ತು ಸಮುದ್ರದ ಶೇ 30ರಷ್ಟನ್ನು ಸಂರಕ್ಷಿಸುವುದು ಅವುಗಳಲ್ಲಿ ಹೆಚ್ಚು ಹೆಸರಾಗಿರುವುದು. ಆದರೆ ಉಳಿಸಿದ್ದೇವೆ ಎಂದು ಹೇಳಬೇಕಾದರೆ ಮೊದಲು ಏನಿತ್ತು ಎಂಬುದು ಗೊತ್ತಿರಬೇಕು. ಕಾಡು ಎಷ್ಟು ಕುಗ್ಗಿತೆಂಬುದನ್ನು ಉಪಗ್ರಹ ಹೇಳೀತು. ನೂರು ವರ್ಷದ ಹಿಂದೆ ಅಲ್ಲಿನ ಹಳ್ಳದಲ್ಲಿ ಯಾವ ಕಪ್ಪೆಯಿತ್ತು ಎಂಬುದನ್ನು ಹೇಳಬಲ್ಲದ್ದು ಗಾಜಿನ ಸೀಸೆಯೊಳಗಿನ ಕಪ್ಪೆ ಮತ್ತು ಅದರ ಚೀಟಿ ಮಾತ್ರ.

ಇದಕ್ಕೆ ಬಹಳ ಹಳೆಯ, ಇಂದಿಗೂ ನನ್ನನ್ನು ಬೆರಗುಗೊಳಿಸುವ ಒಂದು ನಿದರ್ಶನವಿದೆ. ಬ್ರಿಟನ್ನಿನ ಪೆರಿಗ್ರಿನ್ ಗಿಡುಗಗಳ ಸಂಖ್ಯೆ ಕುಸಿದಾಗ ಪ್ರಕೃತಿವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ ಅವರು ಹಳೆಯ ಮೊಟ್ಟೆಚಿಪ್ಪುಗಳನ್ನು ತೂಗಿ, ಉದ್ದಗಲ ಅಳೆದು, ಚಿಪ್ಪನ್ನು ಒಡೆಯದೆಯೇ ಅದು ಎಷ್ಟು ಗಟ್ಟಿಯೆಂದು ಅಂದಾಜಿಸುವ ದಾರಿ ಕಂಡುಕೊಂಡರು. 1940ರ ದಶಕದ ಕೊನೆಯಿಂದ ಚಿಪ್ಪು ಒಮ್ಮೆಲೇ ತೆಳುವಾಗಿತ್ತೆಂದು 1967ರಲ್ಲಿ ಅವರು ಪ್ರಕಟಿಸಿದರು. ಡಿಡಿಟಿ ಎಂಬ ಕೀಟನಾಶಕದ ಬಳಕೆ ಹರಡಿದ ಕಾಲವೂ ಅದೇ ಆಗಿತ್ತು. ಮೊಟ್ಟೆ ಕೂಡಿಡುವುದನ್ನು ಹವ್ಯಾಸವಾಗಿಸಿಕೊಂಡಿದ್ದವರು ಕೀಟನಾಶಕದ ಕನಸನ್ನೂ ಕಂಡವರಲ್ಲ. ಆದರೂ ಅವರು ಬರೆದಿಟ್ಟ ದಿನಾಂಕಗಳಿಲ್ಲದೆ ಈ ಹೋಲಿಕೆ ಸಾಧ್ಯವಾಗುತ್ತಿರಲಿಲ್ಲ. ಅಮೆರಿಕ 1972ರಲ್ಲಿ ಡಿಡಿಟಿಯ ಬಹುತೇಕ ಬಳಕೆಯನ್ನು ನಿಷೇಧಿಸಿತು.

2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಮೆರಿಕದ ಕೈಗಾರಿಕಾ ವಲಯದಿಂದ 135 ವರ್ಷಗಳಲ್ಲಿ ಸಂಗ್ರಹವಾದ ಸಾವಿರಕ್ಕೂ ಹೆಚ್ಚು ಹಕ್ಕಿಗಳ ಗರಿಗಳಿಗೆ ಹತ್ತಿದ ಮಸಿಯನ್ನು ಅಳೆದು, ಕಲ್ಲಿದ್ದಲ ಹೊಗೆಯ ಏರಿಳಿತವನ್ನು ತೋರಿಸಿತು. ಆ ಹಕ್ಕಿಗಳು ವರ್ಷಕ್ಕೊಮ್ಮೆ ಗರಿ ಬದಲಿಸುವುದರಿಂದ ಚೀಟಿಯ ಮೇಲಿನ ವರ್ಷವೇ ಮಸಿಯ ವರ್ಷವೂ ಆಗಿತ್ತು.

ನೀತಿಯ ಕಡೆ ಈಗ ನಡೆದಿರುವ ದೊಡ್ಡ ಬದಲಾವಣೆ ಡಿಎನ್‌ಎ ಅನುಕ್ರಮಕ್ಕೆ, ಎಂದರೆ ಜೀವಿಯ ಡಿಎನ್‌ಎಯನ್ನು ಓದಿ ಅಕ್ಷರಗಳ ಸಾಲಾಗಿ ಬರೆದಿಟ್ಟ ಮಾಹಿತಿಗೆ, ಸಂಬಂಧಿಸಿದ್ದು. 2010ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂದ ನಗೋಯಾ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ, ಜೀವಿಯನ್ನು ಅಥವಾ ಅದರ ಅಂಗಾಂಶವನ್ನು ಕೊಟ್ಟ ದೇಶಕ್ಕೆ ಲಾಭದಲ್ಲಿ ಪಾಲು ಸಿಗಬೇಕು ಎಂದಿತು. ಆದರೆ ಅನುಕ್ರಮವೊಂದು ಸಾರ್ವಜನಿಕ ದತ್ತಸಂಚಯಕ್ಕೆ ಸೇರಿದ ಮೇಲೆ ಎಲೆಯನ್ನೋ ರೆಕ್ಕೆಯನ್ನೋ ಕೇಳುವ ಅಗತ್ಯವೇ ಬೀಳುವುದಿಲ್ಲ. ಈ ಕೊರತೆ ತುಂಬಲು 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಸೇರಿದ ಜೀವವೈವಿಧ್ಯ ಸಮ್ಮೇಳನ ನಿಧಿಯೊಂದನ್ನು ಒಪ್ಪಿಕೊಂಡಿತು. 2025ರ ಫೆಬ್ರುವರಿಯಲ್ಲಿ ರೋಮ್‌ನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಅನುಕ್ರಮ ಮಾಹಿತಿಯಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ವರಮಾನದ ಶೇ 0.1ರಷ್ಟು ಕೊಡಬೇಕೆಂಬ ನಿರೀಕ್ಷೆಯಿದೆ. ಹಣದ ಕನಿಷ್ಠ ಅರ್ಧಭಾಗ ಮೂಲನಿವಾಸಿಗಳು ಮತ್ತು ಸ್ಥಳೀಯ ಸಮುದಾಯಗಳಿಗೆ ತಲುಪಬೇಕೆಂಬ ಆಶಯವೂ ಅದರಲ್ಲಿದೆ. ಕಡ್ಡಾಯವಲ್ಲದ ಈ ವ್ಯವಸ್ಥೆ ಎಷ್ಟು ಫಲ ಕೊಟ್ಟೀತೆಂಬ ಆತಂಕ ನನಗಿದ್ದರೂ, ಸಾರ್ವಜನಿಕ ಸಂಶೋಧನಾ ಸಂಸ್ಥೆಗಳನ್ನು ಹಣ ಕೊಡುವ ಹೊಣೆಯಿಂದ ಹೊರಗಿಟ್ಟದ್ದು ಸರಿಯಾದ ನಿರ್ಧಾರವೆಂದೇ ಭಾವಿಸುತ್ತೇನೆ. 2026ರ ಜನವರಿಯಲ್ಲಿ ಜಾರಿಗೆ ಬಂದ, ಯಾವ ದೇಶದ ವ್ಯಾಪ್ತಿಗೂ ಸೇರದ ತೆರೆದ ಸಾಗರಗಳ ಒಪ್ಪಂದವಂತೂ ಅಲ್ಲಿ ಸಂಗ್ರಹಿಸಿದ ಮಾದರಿಗಳ ಜೊತೆಗೆ ಗುರುತುಸಂಖ್ಯೆಯೊಂದು ಸಾಗಬೇಕೆನ್ನುತ್ತದೆ. ನಮ್ಮ ಕಸುಬಿನ ಭಾಷೆಯಲ್ಲಿ ಅದೂ ಒಂದು ಚೀಟಿಯೇ.

ಇಷ್ಟಾದರೂ ಚೀಟಿಗಳ ಸ್ಥಿತಿ ಸಮಾಧಾನಕರವಾಗಿಲ್ಲ. 28 ದೇಶಗಳ 73 ದೊಡ್ಡ ಸಂಗ್ರಹಾಲಯಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಲ್ಲಿ ಸುಮಾರು 110 ಕೋಟಿ ವಸ್ತುಗಳಿವೆಯೆಂದು ಲೆಕ್ಕ ಹಾಕಿತು. ಅವುಗಳಲ್ಲಿ ಶೇ 16ರಷ್ಟಕ್ಕೆ ಮಾತ್ರ ಡಿಜಿಟಲ್ ದಾಖಲೆ ಸಿಗುತ್ತದೆ, ಜೈವಿಕ ಸಂಗ್ರಹದ ಶೇ 0.2ರಷ್ಟಕ್ಕೆ ಮಾತ್ರ ಜೀನೋಮ್ (ಡಿಎನ್‌ಎ ಮಾಹಿತಿಯ) ದಾಖಲೆಯಿದೆ. ಇದಕ್ಕೆ ಹಣ ಬಂದಾಗ ಕ್ಯಾಮೆರಾ ಕೊಳ್ಳುವುದು ಸುಲಭ. ಮಾಸಿದ ಕೈಬರಹವನ್ನು ಓದಿ, ಹೆಸರು ಬದಲಾದ ಊರನ್ನು ಹುಡುಕಿ, ಸಂಗ್ರಾಹಕರ ದಿನಚರಿಯೊಂದಿಗೆ ತಾಳೆ ನೋಡಬಲ್ಲವರನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದೇ ಕಷ್ಟ. ವಸಾಹತು ಕಾಲದ ಎಷ್ಟೋ ಚೀಟಿಗಳಲ್ಲಿ ಖಂಡದ ಹೆಸರಷ್ಟೇ ಇದೆ. ಜೀವಿಯನ್ನು ಹಿಡಿದುಕೊಟ್ಟ ಸ್ಥಳೀಯರ ಹೆಸರಿಲ್ಲ. ಆ ಹೆಸರುಗಳನ್ನು ದಿನಚರಿಗಳಿಂದ ಹೊರತೆಗೆದು ದಾಖಲಿಸುವುದು ನ್ಯಾಯದ ಕೆಲಸವೆಂದು ನಾನು ನಂಬಿದ್ದೇನೆ.

ಕಾಯುವುದಕ್ಕೆ ಸಮಯವೂ ಇಲ್ಲ. ಬ್ರೆಜಿಲ್‌ನ ರಾಷ್ಟ್ರೀಯ ಸಂಗ್ರಹಾಲಯ 2018ರ ಸೆಪ್ಟೆಂಬರ್‌ನಲ್ಲಿ ಹೊತ್ತಿ ಉರಿದಾಗ ಮಾದರಿಗಳ ಜೊತೆಗೆ ಬೇರೆಲ್ಲೂ ನಕಲಿಲ್ಲದ ಚೀಟಿಗಳೂ ಬೂದಿಯಾದವು. ಆದ್ದರಿಂದ ಡಿಎನ್‌ಎಗಾಗಿ ಅಂಗಾಂಶದ ತುಣುಕು ಕೇಳಿಕೊಂಡು ಬರುವ ಸಂಶೋಧಕರಿಗೆ ನಾನು ಒಂದೇ ಷರತ್ತು ಹಾಕುತ್ತೇನೆ: ಪ್ರಕಟಿಸುವ ಅನುಕ್ರಮದ ಜೊತೆ ಮಾದರಿಯ ಸಂಖ್ಯೆ, ಸ್ಥಳ ಮತ್ತು ದಿನಾಂಕ ಇರಲೇಬೇಕು, ಕಳ್ಳಬೇಟೆಗಾರರ ಕಣ್ಣಿರುವ ಜೀವಿಯಾದರೆ ಮಾತ್ರ ನಿಖರ ಸ್ಥಳವನ್ನು ಮರೆಮಾಡಬಹುದು.