ಹಾಸಿಗೆಯಿಂದ ಹಾಸಿಗೆಗೆ ಸೋಂಕು ಒಯ್ಯುವವರು ಯಾರು?

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಗದರಿಕೆ ಬೀಳುವುದು ಹೆಚ್ಚಾಗಿ ರೋಗಿಯ ಕಡೆಯವರಿಗೆ. ನವಲಗುಂದದಿಂದಲೋ ಸವಣೂರಿನಿಂದಲೋ ರೊಟ್ಟಿ ಬುತ್ತಿ ಹೊತ್ತು ಬಂದವರು ಹಾಸಿಗೆಯ ಮೇಲೆ ಕುಳಿತರೆ ಸೋಂಕು ತಂದಿರೆಂಬ ಆಪಾದನೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆಸ್ಪತ್ರೆ ಸೋಂಕಿನ ಚರಿತ್ರೆ ಮೊದಲು ಬೊಟ್ಟು ಮಾಡಿದ್ದು ವೈದ್ಯರ ಕೈಗಳತ್ತ.

1847ರ ವಿಯೆನ್ನಾ. ಹೆರಿಗೆ ಆಸ್ಪತ್ರೆಯ ಒಂದು ವಿಭಾಗವನ್ನು ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ವೈದ್ಯರು ಮತ್ತು ವೈದ್ಯವಿದ್ಯಾರ್ಥಿಗಳು. ಬಾಣಂತಿ ಜ್ವರದ ಸಾವು ಹೆಚ್ಚಿದ್ದುದು ವೈದ್ಯರ ವಿಭಾಗದಲ್ಲಿ. ಅವರು ಶವ ಸೀಳಿದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರು. ಇಗ್ನಾಝ್ ಸೆಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಸಹೋದ್ಯೋಗಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ತಮ್ಮ ಕೈಯೇ ಕೊಲ್ಲುತ್ತಿದೆ ಎಂದು ಯಾರು ತಾನೇ ಒಪ್ಪಿಯಾರು?

ನಮ್ಮ ಊರಿಗೂ ತಗುಲಿಕೊಂಡ ಕಥೆಯೊಂದಿದೆ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿಯನ್ನು ಹಿಂಡಿದಾಗ ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಇಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದೇ ಲಸಿಕೆ 1902ರಲ್ಲಿ ಪಂಜಾಬಿನ ಮಲ್ಕೋವಾಲ್‌ನಲ್ಲಿ 19 ಜನರನ್ನು ಧನುರ್ವಾಯುವಿಗೆ ಬಲಿಕೊಟ್ಟಿತು. ಸತ್ತವರೆಲ್ಲರಿಗೂ ಚುಚ್ಚಿದ್ದು ಒಂದೇ ಬಾಟಲಿಯಿಂದ. ಅದರ ಬಿರಡೆ ತೆಗೆದ ಇಕ್ಕಳ ನೆಲಕ್ಕೆ ಬಿದ್ದಿತ್ತು; ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಅಷ್ಟರಲ್ಲಿ ಹಾಫ್‌ಕಿನ್ ಕೆಲಸ ಕಳೆದುಕೊಂಡಾಗಿತ್ತು.

ಪೆನ್ಸಿಲಿನ್ ಬಂದ ಮೇಲೆ ಶುಚಿತ್ವದ ಈ ಎಚ್ಚರ ಸಡಿಲಿತು. ಮೆತಿಸಿಲಿನ್ ಎಂಬ ಆಂಟಿಬಯಾಟಿಕ್‌ಗೂ ಬಗ್ಗದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ 1961ರಲ್ಲೇ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. ಇಂದು ಐಸಿಯುಗಳನ್ನು ಕಾಡುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಿಗೆ ಮೂತ್ರದ ನಳಿಕೆ, ವೆಂಟಿಲೇಟರ್ ಕೊಳವೆ, ಸಲೈನ್ ಸೂಜಿಗಳೇ ಒಳದಾರಿ. ತಾಲ್ಲೂಕು ಆಸ್ಪತ್ರೆಯಿಂದ ಗದಗ ಅಥವಾ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೆ ಸಾಗುವ ರೋಗಿ ದಾರಿಯುದ್ದಕ್ಕೂ ಆಂಟಿಬಯಾಟಿಕ್ ಪಡೆದಿರುತ್ತಾನೆ. ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾವೂ ಅವನೊಂದಿಗೆ ಬಂದಿರಬಹುದು.

ಬುತ್ತಿ ತಂದವರು ಸಾಮಾನ್ಯವಾಗಿ ಮುಟ್ಟುವುದು ಒಬ್ಬ ರೋಗಿಯನ್ನು. ಸಿಬ್ಬಂದಿ ಮುಟ್ಟುವುದು ಇಡೀ ವಾರ್ಡನ್ನು. ಆಲ್ಕೋಹಾಲ್ ದ್ರಾವಣ ಉಜ್ಜಲು 20ರಿಂದ 30 ಸೆಕೆಂಡ್ ಸಾಕು, ಸೋಪು-ನೀರಿಗೆ ಸುಮಾರು ಒಂದು ನಿಮಿಷ. ರಾತ್ರಿ ಪಾಳಿಯಲ್ಲಿ ಇಪ್ಪತ್ತು ಹಾಸಿಗೆಗೆ ಒಬ್ಬರೇ ನರ್ಸ್ ಇದ್ದು, ನಲ್ಲಿ ವಾರ್ಡಿನ ಆ ತುದಿಯಲ್ಲಿದ್ದರೆ, ಆ ಒಂದು ನಿಮಿಷವನ್ನು ಅವರು ಎಲ್ಲಿಂದ ತರಬೇಕು? ಗದರುವ ಫಲಕಕ್ಕಿಂತ ಮೊದಲು ಪ್ರತಿ ಹಾಸಿಗೆಯ ಕಾಲ ಬಳಿ ಒಂದು ದ್ರಾವಣದ ಬಾಟಲಿ ತೂಗುಹಾಕಲಿ. ಅದು ಖಾಲಿಯಾದಾಗ ತುಂಬಿಸುವ ಹೊಣೆ ಯಾರದೆಂದೂ ಬರೆದಿಡಲಿ.