ಭಕ್ತಿಯನ್ನು ಕಸುಬಿನಲ್ಲಿ ಓದುವುದು: ಬೀಡ್‌ನಿಂದ ದಾಸ್ತೋಯೆವ್‌ಸ್ಕಿವರೆಗೆ

ಭಕ್ತಿ ಎಂದೊಡನೆ ನಮ್ಮ ಕಿವಿಯಲ್ಲಿ ವಚನ, ಕೀರ್ತನೆಗಳ ದನಿ ಏಳುತ್ತದೆ: ಒಬ್ಬ ಭಕ್ತ, ಅವನ ನೇರ ಮೊರೆ, ಕೊನೆಗೊಂದು ಅಂಕಿತ. ಅದೇ ಕಿವಿ ಹೊತ್ತು ಯೂರೋಪಿನ ಕ್ರೈಸ್ತ ಕೃತಿಗಳಿಗೆ ಹೋದವರು ದೇವರ ಹೆಸರು, ಕಣ್ಣೀರು, ಪಶ್ಚಾತ್ತಾಪ ಕಂಡಲ್ಲೆಲ್ಲ ಪೆನ್ಸಿಲಿನ ಗೆರೆ ಎಳೆಯುತ್ತಾ ಹೋಗುತ್ತೇವೆ. ನಾನೂ ಹಾಗೇ ಓದಿದ್ದೆ. ಆಮೇಲೆ ನೋಡಿದರೆ ಗೆರೆ ಬಿದ್ದ ಪುಟಗಳೇ ಹಲವು ಸಲ ಸಪ್ಪೆ ಪುಟಗಳು. ಬರೆದವನು ಎಲ್ಲಿ ಲೆಕ್ಕ ಹಾಕಿದ, ಎಲ್ಲಿ ಎಣಿಸಿದ, ತನಗೆ ಎದುರಾದ ಮಾತನ್ನೂ ಎಲ್ಲಿ ಉಳಿಸಿಕೊಂಡ ಎಂದು ಹುಡುಕಿದಾಗ ಕೈಗೆ ಸಿಕ್ಕಿದ್ದೇ ಬೇರೆ.

ಚರಿತ್ರೆ: ಪಾಸ್ಕದ ಲೆಕ್ಕ

ಬೀಡ್ ಏಳನೆಯ ವಯಸ್ಸಿಗೇ ಇಂಗ್ಲೆಂಡಿನ ಉತ್ತರ ಭಾಗದ ನಾರ್ತಂಬ್ರಿಯಾ ರಾಜ್ಯದ ಮಠ ಸೇರಿದವನು. ವೇರ್‌ಮತ್-ಜಾರೋ ಎಂಬ ಆ ಜೋಡಿ ಮಠದಲ್ಲೇ ಬಾಳಿನ ಬಹುಪಾಲು ಕಳೆದ. 731ರಲ್ಲಿ ಅವನು ಲ್ಯಾಟಿನಿನಲ್ಲಿ ಮುಗಿಸಿದ ಇಂಗ್ಲಿಷ್ ಜನರ ಧರ್ಮಸಭೆಯ ಚರಿತ್ರೆಯಲ್ಲಿ ಪವಾಡಗಳಿಗೇನೂ ಕೊರತೆಯಿಲ್ಲ. ಆದರೆ ಮೊದಲು ಮುನ್ನುಡಿ ಓದಿ. ಯಾವ ಸಂಗತಿ ಯಾರಿಂದ ತಿಳಿಯಿತು ಎಂದು ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾ ಹೋಗುತ್ತಾನೆ. ಕ್ಯಾಂಟರ್‌ಬರಿಯ ಮಠಾಧಿಪತಿ ಆಲ್ಬಿನಸ್ ಕೆಲವನ್ನು ಹೇಳಿ ಕಳುಹಿಸಿದ. ನೋತೆಲ್ಮ್ ಎಂಬ ಪಾದ್ರಿ ರೋಮಿಗೆ ಹೋಗಿ ಅಲ್ಲಿನ ದಾಖಲೆಗಳಲ್ಲಿ ಪೋಪ್ ಗ್ರೆಗರಿಯ ಪತ್ರಗಳನ್ನು ಹುಡುಕಿ ತಂದ. ಮೊದಲ ಓದಿನಲ್ಲಿ ಇದನ್ನು ನಾನು ಹಾರಿಸಿಬಿಟ್ಟಿದ್ದೆ. ಸಾಕ್ಷಿಯನ್ನು ಮುಚ್ಚಿಡದೆ ಓದುಗನ ಎದುರಿಗಿಡುವ ಈ ಪ್ರಾಮಾಣಿಕತೆಯನ್ನು ಅವನ ಪ್ರಾರ್ಥನೆಯ ಭಾಗವೆಂದೇ ಈಗ ಓದುತ್ತೇನೆ.

ಅವನ ಇನ್ನೊಂದು ಗೀಳು ಪಾಸ್ಕ ಹಬ್ಬದ, ಅಂದರೆ ಕ್ರಿಸ್ತ ಮರಳಿ ಎದ್ದುದನ್ನು ನೆನೆಯುವ ಈಸ್ಟರಿನ ದಿನಾಂಕ. ವಸಂತ ವಿಷುವದ ನಂತರದ ಹುಣ್ಣಿಮೆ, ಅದರ ನಂತರದ ಭಾನುವಾರ: ಹೇಳಲು ಸುಲಭ. ಆದರೆ ಚಂದ್ರನ ಗತಿಯನ್ನೂ ಸೂರ್ಯನ ವರ್ಷವನ್ನೂ ಹೊಂದಿಸಬೇಕು. ಪಂಚಾಂಗ ಬಲ್ಲವರಿಗೆ ಇದರ ತಲೆನೋವು ಗೊತ್ತು. ಐರಿಷ್ ಪದ್ಧತಿಯ ಲೆಕ್ಕವೇ ಬೇರೆ, ರೋಮಿನ ಲೆಕ್ಕವೇ ಬೇರೆ. ಪರಿಣಾಮವನ್ನು ಬೀಡ್ ಅರಮನೆಯೊಳಗೇ ತೋರಿಸುತ್ತಾನೆ. ನಾರ್ತಂಬ್ರಿಯಾದ ರಾಜ ಓಸ್ವಿಯು ಐರಿಷ್ ಲೆಕ್ಕದಂತೆ ಉಪವಾಸ ಮುಗಿಸಿ ಪುನರುತ್ಥಾನದ ಹಬ್ಬ ಆಚರಿಸುತ್ತಿದ್ದರೆ, ರೋಮಿನ ಲೆಕ್ಕ ಹಿಡಿದ ಕೆಂಟ್‌ನ ಪದ್ಧತಿಯಲ್ಲಿ ಬೆಳೆದ ರಾಣಿಗೆ ಅದಿನ್ನೂ ಹಬ್ಬಕ್ಕೆ ಒಂದು ವಾರ ಮೊದಲಿನ ಗರಿಗಳ ಭಾನುವಾರ. ಅವಳೂ ಅವಳ ಪರಿವಾರವೂ ಉಪವಾಸದಲ್ಲೇ ಇದ್ದಾರೆ. ಒಂದೇ ಮನೆಯಲ್ಲಿ ಒಬ್ಬರಿಗೆ ಕ್ರಿಸ್ತ ಎದ್ದಾಗಿದೆ, ಇನ್ನೊಬ್ಬರಿಗೆ ಇನ್ನೂ ಶಿಲುಬೆಗೇರಿಲ್ಲ. 664ರಲ್ಲಿ ವಿಟ್‌ಬಿಯಲ್ಲಿ ಸಭೆ ಸೇರಿ ರೋಮಿನ ಲೆಕ್ಕವನ್ನು ಒಪ್ಪಿಕೊಂಡದ್ದು ಈ ಇಕ್ಕಟ್ಟಿನಿಂದ ಬಿಡಿಸಿಕೊಳ್ಳಲು. ಬೀಡ್ 725ರಲ್ಲಿ ಕಾಲಗಣನೆಯ ಮೇಲೇ ಒಂದು ಗ್ರಂಥ ಬರೆದ. ನಾವು ಇಂದು ಬರೆಯುವ ಕ್ರಿಸ್ತಶಕವನ್ನು 525ರಲ್ಲಿ ರೂಪಿಸಿದವನು ಡಯೊನೀಸಿಯಸ್ ಎಂಬ ಸನ್ಯಾಸಿ. ಅದನ್ನು ಚರಿತ್ರೆ ಬರೆಯುವ ಕ್ರಮಕ್ಕೆ ಒಗ್ಗಿಸಿ ಬಳಕೆಗೆ ತಂದದ್ದರಲ್ಲಿ ಬೀಡ್‌ನ ಪಾಲು ದೊಡ್ಡದು.

ಅವನು ಸತ್ತದ್ದು 735ರಲ್ಲಿ. ಶಿಷ್ಯ ಕತ್‌ಬರ್ಟ್‌ನ ಪತ್ರ ಆ ಕೊನೆಯ ದಿನಗಳನ್ನು ಹೇಳುತ್ತದೆ. ಬೀಡ್ ತನ್ನ ಪುಟ್ಟ ಪೆಟ್ಟಿಗೆ ತರಿಸಿ ಅದರಲ್ಲಿದ್ದ ಕರಿಮೆಣಸು, ಬಟ್ಟೆ, ಧೂಪವನ್ನು ಮಠದ ಪಾದ್ರಿಗಳಿಗೆ ಹಂಚಿದ. ಯೋಹಾನನ ಸುವಾರ್ತೆಯನ್ನು ಜನರ ಭಾಷೆಗೆ ತರುವ ಕೆಲಸ ಹಾಸಿಗೆಯಲ್ಲೇ ನಡೆದಿತ್ತು. ಬರೆದುಕೊಳ್ಳುತ್ತಿದ್ದ ಹುಡುಗ, ಇನ್ನೊಂದು ವಾಕ್ಯ ಬಾಕಿಯಿದೆ ಎಂದ. ಬರೆದುಕೋ ಎಂದ ಬೀಡ್. ಸ್ವಲ್ಪ ಹೊತ್ತಿಗೆ ಹುಡುಗ ಮುಗಿಯಿತು ಎಂದಾಗ, ನಿಜ ಹೇಳಿದೆ, ತೀರಿತು ಎಂದ. ಯೋಹಾನನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಯೇಸುವಿನ ಕೊನೆಯ ಮಾತೂ ಅದೇ. ಕತ್‌ಬರ್ಟ್ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ಆ ಅನುವಾದ ಮಾತ್ರ ನಮಗೆ ಉಳಿದಿಲ್ಲ.

ನಡುವೆ ಒಂದು ಸಣ್ಣ ಕೊಂಡಿ

ವಿದ್ಯೆಗೂ ಸಂಗೀತಕ್ಕೂ ನಡುವೆ ನಿಂತವನು ಹನ್ನೊಂದನೆಯ ಶತಮಾನದ ಇಟಲಿಯ ಸನ್ಯಾಸಿ ಗ್ವಿಡೋ. ಸ್ನಾನಿಕ ಯೋಹಾನನ ಸ್ತೋತ್ರವೊಂದರಲ್ಲಿ ಪ್ರತಿ ಸಾಲಿನ ತುಣುಕೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಆರಂಭವಾಗುತ್ತದೆ. ಆ ತುಣುಕುಗಳ ಮೊದಲ ಅಕ್ಷರಗಳನ್ನೇ ಅವನು ಸ್ವರಗಳ ಹೆಸರು ಮಾಡಿದ: ಉತ್, ರೇ, ಮಿ, ಫಾ, ಸೋಲ್, ಲಾ. ಹಾಡುಗಾರರನ್ನು ತಯಾರು ಮಾಡಲು ಹತ್ತು ವರ್ಷ ಹಿಡಿಯುತ್ತಿದ್ದುದು ಒಂದೆರಡು ವರ್ಷಕ್ಕೆ ಇಳಿಯಿತೆಂದು ಅವನದೇ ಹೆಮ್ಮೆ. ಪಾಠ ಸುಲಭ ಮಾಡುವುದೂ ಸೇವೆಯೇ ಎಂದು ನಂಬಿದವನು, ಮೇಷ್ಟ್ರುಗಳು ಗಮನಿಸಬೇಕು.

ಸಂಗೀತ: ಹನ್ನೊಂದು ಸಲ

ಜರ್ಮನಿಯ ಸಂಗೀತಕಾರ ಬಾಖ್ 1723ರಿಂದ ಅಲ್ಲಿನ ಲೈಪ್‌ಜಿಗ್ ನಗರದಲ್ಲಿ ಚರ್ಚಿನ ಸಂಗೀತದ ಹೊಣೆ ಹೊತ್ತವನು. ಅವನ ಹಲವು ಹಸ್ತಪ್ರತಿಗಳ ಆರಂಭದಲ್ಲಿ 'ಯೇಸುವೇ, ನೆರವಾಗು' ಎಂಬುದರ, ಕೊನೆಯಲ್ಲಿ 'ದೇವರೊಬ್ಬನಿಗೇ ಮಹಿಮೆ' ಎಂಬುದರ ಲ್ಯಾಟಿನ್ ಮೊದಲಕ್ಷರಗಳಿವೆ. ಇದು ನಮ್ಮ ಅಂಕಿತದ ಹಾಗೇ ಎಂದು ಬರೆಯುವ ಮೊದಲು ಒಂದು ವ್ಯತ್ಯಾಸ ನೋಡಿ: ಅಂಕಿತ ಹಾಡಿನೊಳಗಿದ್ದು ಎಲ್ಲರಿಗೂ ಕೇಳುತ್ತದೆ, ಬಾಖ್‌ನ ಅಕ್ಷರಗಳು ಕಾಗದದ ಮೇಲೆ ಮಾತ್ರ. ಕೇಳುಗನಿಗೆ ಅವು ಇದ್ದದ್ದೇ ತಿಳಿಯದು.

ಕೇಳುಗನಿಗೆಂದು ಅವನು ಮಾಡಿದ್ದು ಬೇರೆ. ಮತ್ತಾಯನ ಸುವಾರ್ತೆಯ ಮೇಲೆ ಕಟ್ಟಿದ, 1727ರ ಶುಭ ಶುಕ್ರವಾರ ಮೊದಲು ಹಾಡಿಸಿದನೆಂದು ವಿದ್ವಾಂಸರು ಹೇಳುವ, ಕ್ರಿಸ್ತನ ಯಾತನೆಯ ಕೃತಿಯನ್ನು ತೆಗೆದುಕೊಳ್ಳಿ. ಕೊನೆಯ ಭೋಜನದಲ್ಲಿ ಯೇಸು, ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುವನು ಎನ್ನುತ್ತಾನೆ. ಮೇಳದ ದನಿಗಳು ಒಂದರ ಮೇಲೊಂದು ಬಿದ್ದು, 'ಕರ್ತನೇ, ಅದು ನಾನೋ?' ಎಂದು ಕೇಳುತ್ತವೆ. ಎಣಿಸಿ: ಹನ್ನೊಂದು ಸಲ. ಶಿಷ್ಯರು ಹನ್ನೆರಡು, ಹಿಡಿದುಕೊಡಲಿರುವ ಯೂದ ಇನ್ನೂ ಬಾಯಿ ಬಿಟ್ಟಿಲ್ಲ. ಹನ್ನೆರಡನೆಯ ದನಿಗೆ ಕಿವಿಗೊಟ್ಟಿರುವಾಗಲೇ ಜನರಿಗೆ ಪರಿಚಿತವಾದ ಚರ್ಚಿನ ಗೀತೆಯ ಧಾಟಿ ಆರಂಭವಾಗುತ್ತದೆ: 'ಅದು ನಾನೇ, ಶಿಕ್ಷೆ ಸಲ್ಲಬೇಕಾದವನು ನಾನು.' ಯೂದನ ಜಾಗದಲ್ಲಿ ಬೆಂಚಿನ ಮೇಲೆ ಕೂತವನೇ ಇದ್ದಾನೆ. ನನಗೆ ಇದು ಅರ್ಥವಾದದ್ದು ಪಠ್ಯವನ್ನು ಕೈಯಲ್ಲಿ ಹಿಡಿದು ಕೇಳಿದಾಗ. ನೀವೂ ಹಾಗೇ ಕೇಳಿ.

ಇನ್ನೊಂದು ಸೂಕ್ಷ್ಮ: ಈ ಕೃತಿಯಲ್ಲಿ ಯೇಸುವಿನ ಮಾತು ಬಂದಾಗೆಲ್ಲ ಸುತ್ತ ತಂತಿವಾದ್ಯಗಳ ಉದ್ದನೆಯ ಸ್ವರ ಪ್ರಭಾವಳಿಯಂತೆ ನಿಲ್ಲುತ್ತದೆ. ಶಿಲುಬೆಯ ಮೇಲಿನ 'ಏಲೀ, ಏಲೀ' ಎಂಬ ಕೂಗಿನಲ್ಲಿ ಮಾತ್ರ ಅದಿಲ್ಲ. ದೇವರು ಕೈಬಿಟ್ಟನೆಂಬ ಮಾತಿಗೆ ಬಾಖ್ ಪ್ರಭಾವಳಿಯನ್ನೇ ತೆಗೆದುಬಿಟ್ಟ.

ಕಥೆ: ಬೀಗ, ಮುತ್ತು

ಇಂಗ್ಲಿಷ್ ಲೇಖಕ ಬನ್ಯನ್ ಅನುಮತಿಯಿಲ್ಲದೆ ಧರ್ಮಬೋಧನೆ ಮಾಡಿದ್ದಕ್ಕೆ ಬೆಡ್‌ಫರ್ಡ್‌ ಊರಿನಲ್ಲಿ ಹನ್ನೆರಡು ವರ್ಷ ಸೆರೆಯಲ್ಲಿದ್ದವನು. 1678ರಲ್ಲಿ ಬಂದ ಅವನ ಯಾತ್ರಿಕನ ಕಥೆಯಲ್ಲಿ ಹೆಸರುಗಳೇ ಅರ್ಥ ಹೇಳಿಬಿಡುತ್ತವೆ, ಅದು ಒಮ್ಮೊಮ್ಮೆ ಬೇಸರ ತರಿಸುತ್ತದೆ ಕೂಡ. ಆದರೂ ನಿರಾಶೆ ಎಂಬ ರಾಕ್ಷಸನ ಕೋಟೆಯ ಪ್ರಸಂಗ ನೋಡಿ. ಇಬ್ಬರು ಯಾತ್ರಿಕರು ಬುಧವಾರದಿಂದ ಶನಿವಾರದವರೆಗೆ ಕತ್ತಲಕೋಣೆಯಲ್ಲಿ ಬಿದ್ದಿರುತ್ತಾರೆ. ಆಮೇಲೆ ಒಬ್ಬನಿಗೆ ತನ್ನ ಎದೆಯ ಬಳಿಯೇ 'ವಾಗ್ದಾನ' ಎಂಬ ಕೀಲಿಕೈ ಇರುವುದು ನೆನಪಾಗುತ್ತದೆ. ಎರಡು ಬಾಗಿಲು ಸಲೀಸಾಗಿ ತೆರೆದವು. ಹೊರಗಿನ ಕಬ್ಬಿಣದ ದ್ವಾರದ ಬೀಗ ಮಾತ್ರ ಜಪ್ಪಯ್ಯ ಎಂದರೂ ತಿರುಗಲೊಲ್ಲದು. ಕೊನೆಗೆ ತೆರೆಯುತ್ತದೆ ನಿಜ, ಆದರೆ ಆ ಬಿಗಿ ಬೀಗ ಬರೀ ರೂಪಕ ಹೆಣೆಯುವವನಿಗೆ ಹೊಳೆಯುವಂಥದ್ದಲ್ಲ. ಸೆರೆಮನೆಯ ಬಾಗಿಲು ಕಂಡವನ ಬರಹ ಅದು.

ರಷ್ಯದ ಕಾದಂಬರಿಕಾರ ದಾಸ್ತೋಯೆವ್‌ಸ್ಕಿ ಇನ್ನೂ ಅಪಾಯದ ದಾರಿ ಹಿಡಿದ. 1880ರಲ್ಲಿ ಮುಗಿದ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ತನ್ನ ನಂಬಿಕೆಯ ವಿರುದ್ಧದ ವಾದವನ್ನು ತಾನೇ ಗಟ್ಟಿಯಾಗಿ ಕಟ್ಟಿ ಆ ಸಹೋದರರಲ್ಲೊಬ್ಬನಾದ ಇವಾನನ ಬಾಯಿಗೆ ಕೊಟ್ಟ. ಅದಕ್ಕೆ ಮುಂದೆ ತಾನು ಕೊಡುವ ಉತ್ತರ ಸಾಕಾಗುವುದೋ ಇಲ್ಲವೋ ಎಂಬ ಅಳುಕನ್ನು ಪತ್ರದಲ್ಲೂ ತೋಡಿಕೊಂಡ. ಇವಾನ ತಮ್ಮ ಅಲ್ಯೋಷನಿಗೆ ತಾನು ಕಟ್ಟಿದ ಕಾವ್ಯವನ್ನು ಹೇಳುತ್ತಾನೆ: ಮರಳಿ ಬಂದ ಕ್ರಿಸ್ತನನ್ನು ಸೆರೆ ಹಿಡಿಸಿದ ಮುದಿ ಧರ್ಮವಿಚಾರಕ (ಚರ್ಚಿನ ನಂಬಿಕೆ ಮೀರಿದವರನ್ನು ವಿಚಾರಿಸಿ ಶಿಕ್ಷಿಸುವವನು) ಉದ್ದಕ್ಕೂ ವಾದಿಸುತ್ತಾನೆ, ಕ್ರಿಸ್ತ ಒಂದು ಮಾತೂ ಆಡದೆ ಆ ಮುದುಕನ ತುಟಿಗೆ ಮುತ್ತಿಡುತ್ತಾನೆ. ಕೇಳಿ ಮುಗಿಸಿದ ಅಲ್ಯೋಷ ಎದ್ದು ಬಂದು, ತಾನೂ ಮಾತಿಲ್ಲದೆ ಅಣ್ಣನಿಗೆ ಮುತ್ತಿಡುತ್ತಾನೆ. ಇವಾನ ಖುಷಿಯಿಂದ ಕೂಗುತ್ತಾನೆ: ಕೃತಿಚೌರ್ಯ, ಇದನ್ನು ನನ್ನ ಕಾವ್ಯದಿಂದ ಕದ್ದೆ!